ಬೊಗಸೆ ಶರಬತ್ತು

ಕತ್ತಲಾಗಲಿ ಎಂದು ಜಟ್ಟಿ ಕಾಯುತ್ತಿದ್ದ. ಅದನ್ನು ತನಗೆ ತಾನೇ ಒಪ್ಪಿಕೊಳ್ಳುವುದು ಬೇಡವಾಗಿ, ಬಿಸಿಲು ಇಳಿಯಲಿ, ರಸ್ತೆಯ ಧೂಳು ಅಡಗಲಿ, ಈಗಲೇ ಹೋದರೆ ಅಲ್ಲಿ ಏನೂ ಇರುವುದಿಲ್ಲ ಎಂದು ಒಂದೊಂದೇ ನೆವ ಹೇಳುತ್ತ ಭಟ್ಕಳದ ಪಕ್ಕದ ಹೆಬಳೆಯ ಬಾಡಿಗೆ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದ. ಅವನ ತಾಯಿ ಬಂಗಾರಿ ಮಧ್ಯಾಹ್ನವೇ ತಯಾರಾಗಿ ಕೂತಿದ್ದಳು. ಮಿಂದು, ತುರುಬಿಗೆ ಅಬ್ಬಲಿಗೆ ಮುಡಿದು, ಕತ್ತಿನ ತುಂಬ ಇದ್ದ ಕರಿಮಣಿ ಸರಗಳನ್ನು ಸೆರಗಿನ ತುದಿಯಿಂದ ಒರೆಸಿ ಹೊಳಪು ಮಾಡಿಕೊಂಡಿದ್ದಳು. ಬೆಳಿಗ್ಗೆ ಬಾವಿಕಟ್ಟೆಯ ಕಲ್ಲಿಗೆ ಬಡಿದು ಒಗೆದ ಮಗನ ಬಿಳಿ ಅಂಗಿಯನ್ನು ಒಣಗಿದ ಮೇಲೆ ತೊಡೆಯ ಮೇಲಿಟ್ಟುಕೊಂಡು ಅಂಗೈಯಿಂದಲೇ ಉಜ್ಜಿ ಉಜ್ಜಿ ನೆರಿಗೆ ಬಿಡಿಸಿದ್ದಳು. ಎಂದೂ ರವಿಕೆ ತೊಡದ ಅವಳಿಗೆಂದು ಅವನು ತಂದಿಟ್ಟಿದ್ದ ರವಿಕೆ ಮೊಳೆಯಲ್ಲಿ ತೂಗುತ್ತಿತ್ತು. ನಿನ್ನೆ ತೊಟ್ಟು ನೋಡಿ, "ಕಂಕಳ ಹಿಡಿತದ್ಯೋ ಮಗಾ, ಉಸುರು ಬಿಡೂಕೂ ಆಗೂದಿಲ್ಲ" ಎಂದು ನಕ್ಕು ತೆಗೆದಿಟ್ಟಿದ್ದಳು. ಹಾಗಾಗಿ ಈಗ ಕತ್ತಲೆಯನ್ನು ನಂಬಿಕೊಂಡಿದ್ದ.

ಅವಳು ಭಟ್ಕಳಕ್ಕೆ ಬಂದದ್ದು ಮಗ ಮಾಸ್ತರನಾಗಿರುವ ಶಾಲೆ ನೋಡಲಿಕ್ಕೆ. ಶಾಲೆಯನ್ನು ಹೊರಗಿನಿಂದ ನೋಡಿ, ಗೋಡೆ ಮುಟ್ಟಿ, "ಆತು" ಅಂದಿದ್ದಳು. ಆದರೆ ಅವಳ ಮನಸ್ಸು ಹಿಡಿದುಕೊಂಡದ್ದು ಬೇರೆಯದನ್ನು. ಮೊನ್ನೆ ಬಸ್ಸು ಮುಸ್ಸಂಜೆಯಲ್ಲಿ ಪೇಟೆಯೊಳಗೆ ತಿರುಗುವಾಗ ಕಿಟಕಿಯಿಂದ ಒಂದು ವಾಸನೆ ಬಂದಿತ್ತು. ರಮ್ಜಾನಿನ ತಿಂಗಳು, ಮಸೀದಿ ಬೀದಿಯ ಉದ್ದಕ್ಕೂ ಗ್ಯಾಸ್‌ಲೈಟುಗಳ ಕೆಳಗೆ ತಿಂಡಿಯ ಮೇಜುಗಳು. ಬಂಗಾರಿ ಕತ್ತು ಹೊರಗೆ ಚಾಚಿ, ಹಿಂದಿನವರು ಬೈಯುವಷ್ಟು ಚಾಚಿ, ಮೂಗು ಅರಳಿಸಿ ಕೇಳಿದ್ದಳು: "ಅದೆಂತ ವಾಸ್ನೆಯೋ? ಶೆಟ್ಲಿ ಹುರದಂಗೆ ಇದ್ದದೆ, ಶೆಟ್ಲಿ ಅಲ್ಲ. ನಂಗೆ ಅದು ತಿನ್ಬೇಕು." ಶೆಟ್ಲಿ ಎಂದರೆ ಹೊಳೆಯ ಸಣ್ಣ ಸಿಗಡಿ, ಅವಳು ದಿನಾ ತಿನ್ನುವಂಥದ್ದೇ. ಆದರೆ ಅವಳು ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದನ್ನು ಜಟ್ಟಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ಕೊಟ್ಟದ್ದನ್ನು ತಿಂದವಳು. ಒಡೆಯರ ಮನೆಯ ಅಂಗಳದಲ್ಲಿ, ಒಳಗಿನವರ ಊಟವೆಲ್ಲ ಮುಗಿದ ಮೇಲೆ, ಬಾಳೆಲೆಯ ತುಂಡಿನ ಮೇಲೆ ಮೇಲಿನಿಂದ ಬಿದ್ದದ್ದನ್ನು ತಿಂದು, ಎಲೆ ತೆಗೆದು, ಕೂತ ಜಾಗಕ್ಕೆ ಸಗಣಿ ಸಾರಿಸಿ ಬಂದವಳು. ಅಂಥವಳು ಕೇಳಿದ ಮೇಲೆ ಇಲ್ಲವೆನ್ನುವ ಪಾಪಿ ಯಾರು? ಆದರೂ ಅವನು ಒಂದು ದಿನ ದೂಡಿದ್ದ. ಇವತ್ತೂ ದೂಡುತ್ತಿದ್ದನೇನೋ, ಅವಳು ಅಬ್ಬಲಿಗೆ ಮುಡಿಯದೇ ಇದ್ದಿದ್ದರೆ.

ಮಬ್ಬುಗತ್ತಲೆ ಕವಿಯತೊಡಗಿದ ದಾರಿಯಲ್ಲಿ ಅವನು ಮುಂದೆ, ಅವಳು ಹಿಂದೆ. ಅವನು ಬೇಗ ಬೇಗ ನಡೆದರೆ ಅವಳೂ ಬೇಗ ಬೇಗ ನಡೆದು ಬೆನ್ನಿಗೇ ಬರುತ್ತಿದ್ದಳು. ಗದ್ದೆಬದುವಿನ ಸಪೂರ ಹಾಳಿಯ ಮೇಲೆ ಹುಲ್ಲುಹೊರೆ ಹೊತ್ತು ಓಡಿದ ಕಾಲುಗಳು, ಈ ಸರಕಾರಿ ರಸ್ತೆ ಯಾವ ಲೆಕ್ಕ. ಗಂಟಲು ಮಾತ್ರ ಗದ್ದೆಯಿಂದ ಗದ್ದೆಗೆ ಕೂಗಿ ಪಳಗಿದ್ದು. "ಹೊನ್ನಾವರದ ಹೊಳೆ ದಾಟೂ ಹೊತ್ತಿಗೆ ನಂಗೆ ಜೀವವೇ ಇಲ್ಲಾಗಿತ್ತು. ದೋಣಿ ಆಚೆ ದಡ ಮುಟ್ಟತ್ಲೂ ನಿಮ್ಮಪ್ಪಂಗೆ ಮನಸ್ನಲ್ಲೇ ಕೈ ಮುಗದೆ, ಇನ್ನು ಪರದೇಶ, ಬಂದ್ರೆ ಬಂದೆ ಅಂತ!" ಸಂತೆಗುಳಿಯಿಂದ ಕುಮಟೆಯ ಪೇಟೆಗೆ ಸೌದೆ ಹೊತ್ತು ಎಷ್ಟೋ ಸಲ ಬಂದವಳು; ಹಳದೀಪುರದ ನೆಂಟರ ಮನೆ ಕಂಡವಳು. ಆ ಶರಾವತಿ ಹೊಳೆಯ ಆಚೆ ಎಂಬುದು ಮಾತ್ರ ಅವಳ ಪಾಲಿಗೆ ಬೇರೆ ದೇಶವೇ. ಭಾಷೆಯೂ ಹಾಗೇ ಕೇಳಿಸಿತು ಪಾಪ. ಬೀದಿಯಲ್ಲಿ ಎದುರಾದವರು ತಮ್ಮತಮ್ಮಲ್ಲಿ ಆಡಿಕೊಳ್ಳುವುದು ಇಲ್ಲಿನ ಮುಸಲ್ಮಾನರ ಮನೆಮಾತು ನವಾಯತಿಯಲ್ಲಿ. ಅದರೊಳಗೆ ಅಲ್ಲೊಂದು ಇಲ್ಲೊಂದು ಕೊಂಕಣಿಯ ಮಾತು ಗುರುತು ಸಿಕ್ಕಿದಂತಾಗಿ ಅವಳು ತಿರುಗಿ ನೋಡುತ್ತಿದ್ದಳು. ಜನವೂ ಅವಳನ್ನು ತಿರುಗಿ ನೋಡುತ್ತಿತ್ತು. ಬರಿಯ ಭುಜ, ಎದೆ ತುಂಬ ಮಣಿ, ತುರುಬಿನ ಹೂವು. ಅಷ್ಟು ದೊಡ್ಡ ಬೆಳಕಿನಲ್ಲಿ! ಗ್ಯಾಸ್‌ಲೈಟು ಎಂಬುದೊಂದಿದೆ, ಅದು ಕತ್ತಲೆಯನ್ನು ಇಲ್ಲವಾಗಿಸುತ್ತದೆ ಎಂಬುದು ಇಡೀ ದಿನ ಕತ್ತಲೆಗೆ ಕಾದ ಈ ಮಾಸ್ತರನ ತಲೆಗೆ ಹೊಳೆದೇ ಇರಲಿಲ್ಲ. ತನ್ನ ಬುದ್ಧಿಗೆ ತಾನೇ ಛೀ ಅಂದುಕೊಂಡ.

ಬೇರೆ ಮೇಜಿಗೆ ಹೋಗಬಹುದಿತ್ತು. ಕಾಲು ಹೋದದ್ದು ಬುಡನ್ ಸಾಬರ ಅಂಗಡಿಗೇ. ವರ್ಷವಿಡೀ ಚಹಾದ ಅಂಗಡಿ, ರಮ್ಜಾನಿನಲ್ಲಿ ಸಂಜೆ ಮಾತ್ರ ಎರಡು ಬೆಂಚು ಹೊರಗೆ ಹಾಕಿ ಮನೆಯಲ್ಲಿ ಹೆಂಡತಿ ಮಾಡಿಕೊಟ್ಟ ತಿಂಡಿಗಳ ಮಾರಾಟ. ಈ ಊರಿಗೆ ಬಂದ ಮೊದಲ ದಿನ ಜಟ್ಟಿ ಅಂಗಡಿಯ ಹೊರಗೆ ನಿಂತೇ ಚಹಾ ಕೇಳಿದ್ದ. ಕುಮಟೆಯಲ್ಲಿ ಮಾಸ್ತರಿಕೆಗೆ ಬೇಕಾದ ಮುಲ್ಕಿ ಪರೀಕ್ಷೆಗೆ ಓದುವಾಗ ಹೋಟೆಲಿನ ಹಿಂಬದಿಯಲ್ಲಿ ನಿಂತು ಕುಡಿದ ಅಭ್ಯಾಸ. ಬುಡನ್ ಸಾಬರು ಹೊರಗೆ ಬಂದು, "ಹೊಸ ಮಾಸ್ತರ್ರಲ್ಲವಾ? ನಿಂತ್ಕಂಡು ಎಂತಕ್ಕೆ?" ಎಂದು ಹೆಗಲ ಮೇಲಿನ ಟವೆಲ್ ತೆಗೆದು ಬೆಂಚನ್ನು ಒರೆಸಿದ್ದರು. ಒಬ್ಬರು ತನಗೆಂದು ಕೂರುವ ಜಾಗ ಒರೆಸಿದ್ದು ಅದೇ ಮೊದಲು. ಇವನ ಮನೆಯವರು ಎದ್ದ ಮೇಲೆ ಜಾಗ ಒರೆಸುವುದು ಇವನ ಮನೆಯವರದ್ದೇ ಕೆಲಸವಾಗಿತ್ತು. ಕೂರುವುದಕ್ಕೆ ಮೊದಲು, ಬೇರೊಬ್ಬರು, ಅದೂ ನಗುತ್ತ! ಅವತ್ತಿನಿಂದ ಅವನು ದಿನವೂ ಬರುತ್ತಿದ್ದ, ದಿನವೂ ಅವರು ಒರೆಸುತ್ತಿದ್ದರು, ಆ ಟವೆಲ್ ಬೆಂಚಿನ ಮೇಲೆ ಓಡುವ ಸದ್ದು ಕೇಳಿದರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. "ಊರಲ್ಲಿ ತೋಟಗೀಟ ಉಂಟೋ?" ಎಂದು ಒಮ್ಮೆ ಕೇಳಿದ್ದರು. "ಉಂಟು" ಎಂದಿದ್ದ. ತೋಟ ಇದ್ದದ್ದು ಹೌದು. ಯಾರದು ಎಂದು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ಆಮೇಲೆ ಅವರು ಬೇರೆಯವರಿಗೆ, "ನಮ್ಮ ಮಾಸ್ತರ್ರು, ದೊಡ್ಡ ಮನೆಯವ್ರು" ಎಂದು ಪರಿಚಯಿಸುವಾಗಲೂ ಇವನು ಚಹಾದ ಕೆನೆಯನ್ನು ಊದುತ್ತ ಕೂತಿದ್ದ.

ಬೆಂಚಿನ ಮೇಲೆ ಐದಾರು ಮಂದಿ ಕೂತಿದ್ದರು. ಎಲ್ಲರ ಮುಂದೆಯೂ ತಟ್ಟೆ, ತಟ್ಟೆಯಲ್ಲಿ ಖರ್ಜೂರ, ಏನೇನೋ ಕರಿದದ್ದು. ಯಾರ ಕೈಯೂ ತಟ್ಟೆಗೆ ಹೋಗಿರಲಿಲ್ಲ. ದಿನವಿಡೀ ನೀರೂ ಕುಡಿಯದವರು, ಎದುರಿಗೆ ತಿಂಡಿ ಇಟ್ಟುಕೊಂಡು, ಮಸೀದಿಯ ಕಡೆ ಕಿವಿಯಿಟ್ಟು ಸುಮ್ಮನೆ ಕೂತಿದ್ದರು. ಬಂಗಾರಿ ಅದನ್ನು ನೋಡುತ್ತ ನಿಂತುಬಿಟ್ಟಳು. ಕಾಯುವುದು ಅವಳಿಗೆ ಹೊಸತಲ್ಲ. ಆದರೆ ಮುಂದೆ ಬಡಿಸಿದ್ದೂ ತಮ್ಮದೇ, ಕಾಯುವುದೂ ತಾವೇ, ತಡೆಯುವವರು ಯಾರೂ ಇಲ್ಲ. ಅಂಥ ಕಾಯುವಿಕೆ ಇದೇ ಮೊದಲು ಕಂಡದ್ದಿರಬೇಕು. "ಹೋ, ಗಟ್ಟಿ ಜನ" ಎಂದಳು, ಮೆಚ್ಚಿ, ಎಲ್ಲರಿಗೂ ಕೇಳುವಂತೆ. ಒಬ್ಬ ಮುದುಕರು ಮುಗುಳ್ನಕ್ಕರು. ಬುಡನ್ ಸಾಬರು ತಿರುಗಿ ನೋಡಿದರು. "ಬನ್ನಿ ಮಾಸ್ತರ್ರೆ, ಬನ್ನಿ. ಇವ್ರು?"

"ನಮ್ಮೂರವರು" ಎಂದ ಜಟ್ಟಿ. ಬಾಯಿ ಅದನ್ನು ಎಷ್ಟು ಸಲೀಸಾಗಿ ಹೇಳಿತೆಂದರೆ, ಬೆಳಗಿನಿಂದ ಒಳಗೊಳಗೇ ಅದನ್ನೇ ಉರು ಹೊಡೆಯುತ್ತಿತ್ತೋ ಎಂಬಂತೆ. "ನಮ್ಮೂರವರು. ಭಟ್ಕಳ ನೋಡೂಕೆ ಬಂದಾರೆ." ಹೇಳಿದ ಮೇಲೆ ಅವನು ತಾಯಿಯ ಕಡೆ ನೋಡಲಿಲ್ಲ. ಟವೆಲ್ ಬೆಂಚಿನ ಮೇಲೆ ಓಡಿತು, ಇವತ್ತು ಇಬ್ಬರ ಜಾಗದಷ್ಟು ಉದ್ದಕ್ಕೆ. ಕೂತ. ಬೆನ್ನು ನೆಟ್ಟಗಾಗಲಿಲ್ಲ. ಪಕ್ಕದಲ್ಲಿ ಮಣಿಗಳ ಸಣ್ಣ ಸದ್ದು, ಅವಳು ಬೆಂಚಿನ ತುದಿಯಲ್ಲಿ ಅರ್ಧ ಮಾತ್ರ ಕೂತದ್ದು ಅವನಿಗೆ ತಿಳಿಯಿತು. ಆಮೇಲೆ ಅವಳ ದನಿ, ಬೀದಿಯ ದನಿಯಲ್ಲ, ಒಡೆಯರ ಅಂಗಳದ ತಗ್ಗಿಸಿದ ದನಿ: "ಹೌದು ಸಾಯ್ಬ್ರೆ. ಮಾಸ್ತರ್ರು ನಮ್ಮೂರವ್ರು. ಬಹಳ ಒಳ್ಳೇವ್ರು."

ಬಾಂಗು ಕೇಳಿತು. ಕೈಗಳೆಲ್ಲ ಒಟ್ಟಿಗೆ ಖರ್ಜೂರಕ್ಕೆ ಹೋದವು. ಬುಡನ್ ಸಾಬರು ತಾವೂ ಒಂದು ಖರ್ಜೂರ ಬಾಯಿಗಿಟ್ಟು, ನೀರು ಕುಡಿದು, ಕಣ್ಣು ಮುಚ್ಚಿ ಒಂದು ಕ್ಷಣ ನಿಂತು, ಮೊದಲು ಬಡಿಸಿದ್ದು ಬಂಗಾರಿಗೆ. ಪಿಂಗಾಣಿ ತಟ್ಟೆಯಲ್ಲಿ ಅಕ್ಕಿಹಿಟ್ಟಿನ ಸಣ್ಣ ಸಣ್ಣ ಉಂಡೆಗಳು, ನೆಲ್ಲಿಕಾಯಿಯಷ್ಟು ದಪ್ಪ, ಕೆಂಪನೆಯ ಗಸಿಯಲ್ಲಿ ಮುಳುಗಿದ್ದವು. "ಹೆದರಬೇಡಿ ಅಮ್ಮ, ಇದ್ರಲ್ಲಿ ಶೆಟ್ಲಿ, ತೆಂಗಿನಕಾಯಿ ಅಷ್ಟೇ. ನೀವು ತಿನ್ನದೇ ಇದ್ದದ್ದು ಎಂತದೂ ಇಲ್ಲ" ಎಂದರು. ಅವಳು ಹೆದರುವವಳೇ? ಒಂದು ಉಂಡೆ ಎತ್ತಿ ಬೆಳಕಿಗೆ ಹಿಡಿದು, ಬೆರಳಿನಲ್ಲಿ ಒತ್ತಿ, ಮೂಸಿ, ಬಾಯಿಗಿಟ್ಟಳು. ಜಟ್ಟಿ ಈಗ ಅವಳನ್ನು ನೋಡಿದ, ನೋಡದಿರಲಾಗಲಿಲ್ಲ. ಅವಳ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಒಂದು ಪ್ರಶ್ನೆ, ಆಮೇಲೆ ಹುಬ್ಬು ಮೇಲೇರಿ ಇಡೀ ಮುಖವೇ ಸಡಿಲಾಯಿತು. "ಅಯ್ಯಯ್ಯಯ್ಯೋ! ಅಕ್ಕಿ ನಮ್ಮದೇ, ಶೆಟ್ಲಿ ನಮ್ಮದೇ, ಕಾಯಿ ನಮ್ಮದೇ. ಈ ರುಚಿ ಎಲ್ಲಿ ಅಡಗ್ಸಿಟ್ಟಿದ್ರಿ ಮಾರಾಯ್ರೆ ಇಷ್ಟು ದಿವ್ಸ?" ಬುಡನ್ ಸಾಬರು ಹಲ್ಲು ಕಾಣುವಂತೆ ನಕ್ಕರು. ಅವಳು ತಿನ್ನುತ್ತ ಹೋದಳು. ಮೊಟ್ಟೆ ಸವರಿದ ಪದರು ಪದರಿನ ರೊಟ್ಟಿ ಬಂತು, ಅದರ ಪದರುಗಳನ್ನು ಒಂದೊಂದಾಗಿ ಬಿಡಿಸಿ, ಎಷ್ಟು ತೆಳ್ಳಗೆ ಲಟ್ಟಿಸಿದ್ದಾಳೆ ಆ ಪುಣ್ಯಾತ್ಗಿತ್ತಿ ಎಂದು ಕಾಣದ ಹೆಂಗಸನ್ನು ಹೊಗಳಿದಳು. ಅದಕ್ಕೆ ಹಾಕಿದ್ದು ಸೋಂಪೋ, ಇನ್ನೇನೋ ಎಂದು ಕೇಳಿದಳು, ಬುಡನ್ ಸಾಬರಿಗೆ ಗೊತ್ತಿರಲಿಲ್ಲ, "ಬೀಬಿಗೆ ಕೇಳಿ ಹೇಳ್ತೆ" ಎಂದರು. ಜಟ್ಟಿಯಾದರೋ ಈ ಊರಿಗೆ ಬಂದು ಇಷ್ಟು ತಿಂಗಳಾಗಿದ್ದರೂ ಚಹಾ ಬಿಸ್ಕೀಟು ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. ದೊಡ್ಡ ಮನೆಯವರು ಮುಟ್ಟುತ್ತಾರೋ ಇಲ್ಲವೋ ಎಂಬ ಲೆಕ್ಕಾಚಾರದಲ್ಲೇ ಅವನ ನಾಲಿಗೆ ಒಣಗಿತ್ತು. ಇವಳು ಯಾವ ಲೆಕ್ಕವೂ ಇಲ್ಲದೆ, ಮೊನ್ನೆ ಹೊಳೆ ದಾಟಿದವಳು, ಇವತ್ತು ಪರದೇಶದ ತುತ್ತನ್ನು ತನ್ನದಾಗಿ ಮಾಡಿಕೊಂಡು ಕೂತಿದ್ದಳು. ಎಂಥ ಹೆಂಗಸು! ಅವನಿಗೆ ಹೆಮ್ಮೆಯಾಯಿತು. ಹೆಮ್ಮೆಪಡುವ ಹಕ್ಕನ್ನು ಈಗಷ್ಟೇ ಕಳೆದುಕೊಂಡದ್ದು ನೆನಪಾಗಿ ಕಣ್ಣನ್ನು ಬೀದಿಯ ಕಡೆ ಹೊರಳಿಸಿದ.

ನಮಾಜಿಗೆ ಜನ ಎದ್ದು ಹೋಯಿತು. "ಅಂಗಡಿ ನೋಡ್ಕಂಡಿರಿ ಮಾಸ್ತರ್ರೆ, ಈಗ ಬತ್ತೆ" ಎಂದು ಬುಡನ್ ಸಾಬರೂ ಹೋದರು. ಬೀದಿ ಒಮ್ಮೆಲೇ ಖಾಲಿಯಾಗಿ, ಗ್ಯಾಸ್‌ಲೈಟಿನ ಸುಂಯ್ ಎಂಬ ಸದ್ದೊಂದೇ ಉಳಿಯಿತು. ಈಗ ಕೇಳುತ್ತಾಳೆ, ಎಂದುಕೊಂಡ. ಈಗ ಬೈಯುತ್ತಾಳೆ. ಬೈಯಲಿ. ಚಿಕ್ಕವನಿದ್ದಾಗ ಒಡೆಯರ ಮನೆಯ ಅಂಗಳದಲ್ಲಿ ಇವನಿಗೆ ನೀರಡಿಕೆಯಾಗಿ ಚೊಂಬಿಗೆ ಕೈ ಹಾಕಲು ಹೋದಾಗ, ಅವಳು ಓಡಿ ಬಂದು ಕೈಗೆ ಪಟ್ಟನೆ ಹೊಡೆದು, ಎರಡು ಅಂಗೈಯನ್ನೂ ಕೂಡಿಸಿ ಬೊಗಸೆ ಮಾಡಿ ತೋರಿಸಿದ್ದಳು. "ಹಿಂಗೆ ಹಿಡಿ. ಮೊಣಕೈ ಎತ್ತು. ಬೆರಳು ಬಿಡಬೇಡ, ಸೋರ್ತದೆ." ಒಡತಿ ಮಾರು ದೂರದಿಂದ ನೀರು ಹೊಯ್ದಿದ್ದರು. ಅವಳು ಕಲಿಸಿದ ಮೊದಲ ಪಾಠ ಅದು. ಅಂಥ ಪೆಟ್ಟು ಈಗ ಬಿದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು! ಅವಳು ತಟ್ಟೆಯಲ್ಲಿದ್ದ ಕೊನೆಯ ಉಂಡೆಯನ್ನು ಬೆರಳಿನಿಂದ ಅವನ ಕಡೆ ಸರಿಸಿದಳು. "ತಿನ್ನಿ ಮಾಸ್ತರ್ರೆ. ಆರ್ತದೆ" ಎಂದಳು. ಸುತ್ತ ಯಾರೂ ಇರಲಿಲ್ಲ. ಆದರೂ ಹಾಗೇ ಕರೆದಳು. ಅವನು ಇಳಿಸಿದ ಮಾತನ್ನು ಅವನೇ ಎತ್ತಿಕೊಳ್ಳುವ ತನಕ ತಾನು ಮುಟ್ಟುವುದಿಲ್ಲ ಎಂಬಂತಿತ್ತು. ಸಿಟ್ಟಿನ ನೆರಳೂ ಇರಲಿಲ್ಲ, ಅದೇ ಕಷ್ಟ. ಅವ್ವಿ ಎನ್ನಲು ಬಾಯಿ ತೆರೆದ. ಮಸೀದಿಯ ಕಡೆಯಿಂದ ಜನ ಬರುವ ಸದ್ದು ಕೇಳಿ ಬಾಯಿ ಮುಚ್ಚಿದ, ಉಂಡೆಯನ್ನು ನುಂಗಿದ. ಅದು ತಣ್ಣಗಾಗಿದ್ದರೂ ರುಚಿಯಾಗಿಯೇ ಇತ್ತು.

ಬೆಂಚುಗಳು ಮತ್ತೆ ತುಂಬಿದವು. ಬುಡನ್ ಸಾಬರು ದೊಡ್ಡ ಹಿತ್ತಾಳೆ ಪಾತ್ರೆಯಿಂದ ಶರಬತ್ತು ತೆಗೆಯತೊಡಗಿದರು. ಗುಲಾಬಿ ಬಣ್ಣಕ್ಕಿಂತಲೂ ಕೆಂಪು, ಮೇಲೆ ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ ಮೀನಿನ ಕಣ್ಣುಗಳಂತೆ ತೇಲುತ್ತಿದ್ದವು. ಒಂದು ಗಿಲಾಸು ತುಂಬಿ, ಹೊರಮೈಯನ್ನು ಟವೆಲಿನಿಂದ ಒರೆಸಿ, ಬಂಗಾರಿಯ ಮುಂದೆ ಹಿಡಿದರು. "ತಕಳಿ ಅಮ್ಮ, ಹೊಟ್ಟೆ ತಂಪಾತದೆ." ಅವಳು ಎದ್ದು ನಿಂತಳು. ಸ್ವಲ್ಪ ಬಗ್ಗಿ, ಮೊಣಕೈ ಎತ್ತಿ, ಎರಡು ಅಂಗೈ ಕೂಡಿಸಿ, ಬೆರಳು ಬಿಗಿಮಾಡಿ, ಬೊಗಸೆಯನ್ನು ಬಾಯಿಯ ಹತ್ತಿರ ಹಿಡಿದು ಕಾದಳು. ಬುಡನ್ ಸಾಬರ ಕೈ ಅಲ್ಲೇ ನಿಂತಿತು. ಅವರ ಮುಖದ ನಗು ಇಳಿದುಹೋಗುವುದನ್ನು ಜಟ್ಟಿ ನೋಡಿದ. "ತಿಂದದ್ದು ತಿಂದ್ರಿ," ಎಂದರು ಮೆಲ್ಲಗೆ. "ಗಿಲಾಸು ಮಾತ್ರ ಆಗೂದಿಲ್ವಾ ಅಮ್ಮ? ಸಾಬರ ಗಿಲಾಸಿಗೆ ತುಟಿ ತಾಗ್ಸಿದ್ರೆ ಜಾತಿ ಹೋತದ್ಯೆ?" ಬಂಗಾರಿಗೆ ಅರ್ಥವಾಗಲಿಲ್ಲ, ಬೊಗಸೆ ಹಿಡಿದೇ ಮಗನ ಕಡೆ ಕಣ್ಣು ಹೊರಳಿಸಿದಳು.

ಹೇಳಲು ಒಂದೇ ವಾಕ್ಯವಿತ್ತು. ಅದು ಹಾಗಲ್ಲ ಸಾಬರೆ, ನಮಗೆ ಯಾರೂ ಗಿಲಾಸು ಕೊಟ್ಟದ್ದಿಲ್ಲ. ಅಷ್ಟೇ. ಆದರೆ ಆ 'ನಮಗೆ' ಎಂಬಲ್ಲಿ ಅವನೂ ಇದ್ದ, ತೋಟ ಇತ್ತು, ದೊಡ್ಡ ಮನೆ ಇತ್ತು, ಟವೆಲ್ ಇತ್ತು. "ಅವರಿಗೆ ಸ್ವಲ್ಪ ಮಡಿ" ಎಂದ ಜಟ್ಟಿ. ಎಂಥ ಮಾತು! ಹೇಳಿದವನಿಗೇ ಮೈ ಉರಿದುಹೋಯಿತು. ಬೆಂಚು ಒರೆಸಿ ಕೂರಿಸಿದ ಮನುಷ್ಯನ ಮುಖಕ್ಕೆ ಉಗುಳಿದಂತಾಯಿತು, ಅದಕ್ಕೆ ಅವ್ವಿಯ ಬಾಯಿಯನ್ನು ಎರವಲು ತಂದಂತಾಯಿತು.

ಬಂಗಾರಿ ಬೊಗಸೆ ಬಿಟ್ಟು ಜೋರಾಗಿ ನಕ್ಕಳು. "ಮಡಿಯಾ? ನಂಗಾ?" ಅಬ್ಬಲಿಗೆಯ ಒಂದು ಹೂ ಉದುರಿತು. "ಇಲ್ಲ ಸಾಯ್ಬ್ರೆ, ಇಲ್ಲ! ನಾವು ದುಡಿಯೂ ಮನೇಲಿ ಹಿಂಗೇ ಹೊಯ್ತ್ರು. ನಾ ಮುಟ್ಟಿದ್ರೆ ಅವ್ರ ಚೊಂಬು ಮೈಲಿಗೆ ಆತದೆ ಅಂಬುದು. ನಿಮ್ಮ ಗಿಲಾಸು ನಂಗೆ ಮೈಲಿಗೆ ಅಲ್ಲ ಮಾರಾಯ್ರೆ, ನಿಮ್ಮ ಗಿಲಾಸು ಮೈಲಿಗೆ ಆಗೂಕಾಗ ಅಂತ ಹಿಡದೆ." ಆಮೇಲೆ ಒಂದು ಗಳಿಗೆ ತಡೆದು, ಜಟ್ಟಿಯ ಕಡೆ ನೋಡದೆ ಸೇರಿಸಿದಳು: "ಮಾಸ್ತರ್ರಿಗೆ ಇದೆಲ್ಲ ಗೊತ್ತಿಲ್ಲ. ಅವ್ರು ದೊಡ್ಡ ಮನೆಯವ್ರು."

ಬುಡನ್ ಸಾಬರು ತಮ್ಮ ಮಾತಿಗೆ ತಾವೇ ನಾಚಿದವರಂತೆ ತಲೆ ಆಡಿಸಿದರು. ಅವಳ ಬಲಗೈಯನ್ನು ಹಿಡಿದು, ಮುಚ್ಚಿದ್ದ ಬೆರಳುಗಳ ನಡುವೆ ಗಿಲಾಸನ್ನು ಇಟ್ಟು, "ಹಿಂಗೆ" ಎಂದರು. ಬಂಗಾರಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಾಜಿನ ತಣ್ಣನೆಗೆ ಅವಳ ಮೈ ಸಣ್ಣಗೆ ಜುಮ್ಮೆಂದದ್ದು ಮಣಿಗಳಲ್ಲಿ ಕೇಳಿಸಿತು. ತುಟಿ ತಾಗಿಸಿದಳು. ಮೊದಲು ಒಂದು ಗುಟುಕು, ಆಮೇಲೆ ಕಣ್ಣು ಮುಚ್ಚಿ ನಿಧಾನಕ್ಕೆ, ಎಲ್ಲಿಯೂ ಸೋರದಂತೆ, ಅವಸರವಿಲ್ಲದೆ, ಒಡತಿಯ ಕೈ ನೋಯುತ್ತದೆಂಬ ಭಯವಿಲ್ಲದೆ, ನಡುವೆ ನಿಲ್ಲಿಸಿ ಬೀದಿಯನ್ನು ಒಮ್ಮೆ ನೋಡಿ, ಬೀಜಗಳನ್ನು ಅಗಿದು, ಮತ್ತೆ ಕುಡಿದಳು. ಮುಪ್ಪು ಹತ್ತಿರ ಬಂದ ಹೊತ್ತಿಗೆ ಯಾರದೋ ತಾಯಿ ಮೊದಲ ಸಲ ಬಗ್ಗದೆ ನಿಂತು ಕುಡಿಯುವುದನ್ನು ಇಡೀ ಬೆಂಚು ನೋಡಿತು. ಅಲ್ಲ, ಅವನ ತಾಯಿ. ಜಟ್ಟಿ ತನ್ನ ಮನಸ್ಸಿನೊಳಗೂ ಅವಳನ್ನು ಬೇರೆ ಯಾರದೋ ಮಾಡಿಬಿಟ್ಟಿದ್ದ. ಅವನ ತಾಯಿ, ಸಂತೆಗುಳಿಯ ಬಂಗಾರಿ. ಈ ಬೀದಿಯಲ್ಲಿ ಅವಳಷ್ಟು ದೊಡ್ಡ ಮನೆಯವರು ಯಾರೂ ಇರಲಿಲ್ಲ.

"ಈಗ ನಿಮ್ಗೆ ಮಾಸ್ತರ್ರೆ" ಎಂದು ಬುಡನ್ ಸಾಬರು ಇನ್ನೊಂದು ಗಿಲಾಸು ತುಂಬಿ ಮುಂದೆ ಹಿಡಿದರು. ಅದನ್ನು ತೆಗೆದುಕೊಳ್ಳಲೆಂದೇ ಜಟ್ಟಿ ಎದ್ದದ್ದು. ಎದ್ದವನು ಸ್ವಲ್ಪ ಬಗ್ಗಿದ. ಮೊಣಕೈ ಮೇಲಕ್ಕೆ ಹೋಯಿತು. ಎರಡು ಅಂಗೈ ಕೂಡಿದವು, ಬೆರಳುಗಳು ತಾವಾಗಿ ಬಿಗಿದುಕೊಂಡವು, ಇಷ್ಟು ವರ್ಷ ಗಿಲಾಸು, ಕಪ್ಪು, ಬಸಿ ಎಂದು ಹಿಡಿದರೂ ಒಂದನ್ನೂ ಮರೆತಿರಲಿಲ್ಲ. ಬುಡನ್ ಸಾಬರು ಆ ಬೊಗಸೆಯನ್ನು ನೋಡಿದರು, ಬಂಗಾರಿಯನ್ನು ನೋಡಿದರು.

"ಹೊಯ್ಯಿರಿ ಸಾಬರೆ," ಎಂದ ಜಟ್ಟಿ. "ಇವಳು ನಮ್ಮ ಅವ್ವಿ. ತೋಟ ನಮ್ಮದಲ್ಲ. ನಾನು ಇವಳ ಹತ್ತಿರವೇ ಹೀಗೆ ಹಿಡಿಯೂದು ಕಲಿತದ್ದು."

ಹೊಯ್ಯಿರಿ ಎಂದದ್ದಕ್ಕೆ ಬುಡನ್ ಸಾಬರು ಗಿಲಾಸನ್ನು ಬಗ್ಗಿಸಿದರು, ಶರಬತ್ತು ಬೊಗಸೆಗೆ ಬಿದ್ದಿತು. ತಣ್ಣಗೆ, ಸಿಹಿಯಾಗಿ ತುಂಬಿ, ಎಷ್ಟು ಬಿಗಿ ಹಿಡಿದರೂ ನಿಲ್ಲದೆ, ಮಣಿಕಟ್ಟಿನಿಂದ ಇಳಿದು ಬಿಳಿ ಅಂಗಿಯ ತೋಳಿನ ಒಳಕ್ಕೆ ಓಡತೊಡಗಿತು. ಬಂಗಾರಿ ಮುಂದೆ ಬಂದು ಅವನ ಕೈಗೆ ಪಟ್ಟನೆ ಒಂದು ಹೊಡೆದಳು.

"ಗಿಲಾಸು ಹಿಡಿಯೋ ಮಗಾ," ಎಂದಳು, ಗದ್ದೆಯಿಂದ ಗದ್ದೆಗೆ ಕೇಳುವ ದನಿಯಲ್ಲಿ. "ಆ ಅಂಗಿ ನಾಳೆ ಒಗೀಬೇಕಾದವ್ಳು ನಾನು."